ಪರ್ಮಾಕಲ್ಚರ್: ಮೊದಲ ವರ್ಷ ಸಸಿಗಲ್ಲ, ನೀರಿಗೆ

ನಂಜನಗೂಡು: ಕೃಷಿಕರಲ್ಲದವರು ಜಮೀನು ಕೊಳ್ಳಲು ಇದ್ದ ನಿರ್ಬಂಧವನ್ನು ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿ ತೆಗೆದುಹಾಕಿತು. ಮೈಸೂರಿನಲ್ಲೋ ತಾಂಡ್ಯ ಕೈಗಾರಿಕಾ ಪ್ರದೇಶದಲ್ಲೋ ಉದ್ಯೋಗದಲ್ಲಿದ್ದು, ನಂಜನಗೂಡು, ತಿ. ನರಸೀಪುರದ ಕಡೆ ಒಂದೆರಡು ಎಕರೆ ಮಾಡಿಕೊಳ್ಳಬೇಕೆನ್ನುವವರಿಗೆ ಈಗ ದಾರಿ ಸುಲಭ. ಇಂಥವರ ಮಾತಿನಲ್ಲಿ ‘ಪರ್ಮಾಕಲ್ಚರ್’ ಪದ ಆಗಾಗ ಕೇಳಿಬರುತ್ತದೆ. ಆದರೆ ಮೊದಲ ಹಣವನ್ನು ಕೊಳವೆಬಾವಿಗೂ ನರ್ಸರಿಗೂ ಸುರಿದರೆ ಎರಡನೇ ಬೇಸಿಗೆಗೆ ಉಳಿಯುವುದು ಒಣಗಿದ ಕಡ್ಡಿಗಳು ಮಾತ್ರ.

ಆಸ್ಟ್ರೇಲಿಯಾದ ಬಿಲ್ ಮೊಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಪದ ಪ್ರಚಾರಕ್ಕೆ ಬಂತು. ಕಾಡಿನಂತೆ ಒಂದು ಗಿಡ ಇನ್ನೊಂದಕ್ಕೆ ನೆರವಾಗುವ, ವರ್ಷವರ್ಷಕ್ಕೂ ಹೊರಗಿನ ಒಳಸುರಿ ಕಡಿಮೆಯಾಗುವ ತೋಟದ ವಿನ್ಯಾಸವೇ ಇದರ ತಿರುಳು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುತ್ತಿದ್ದ ಹಳೆ ಮೈಸೂರು ಸೀಮೆಗೆ ಇದು ತೀರ ಹೊಸದೇನಲ್ಲ.

ಈ ಭಾಗದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಕಡಿಮೆ ಎನಿಸಬಹುದು; ಲೆಕ್ಕ ಹಾಕಿದರೆ ಒಂದು ಎಕರೆಯ ಮೇಲೆ ಬೀಳುವುದು 28 ಲಕ್ಷ ಲೀಟರ್ ನೀರು. ಮುಂಗಾರು ಪೂರ್ವದ ಮೇ ತಿಂಗಳಲ್ಲಿ ಹಾಗೂ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅದು ರಭಸವಾಗಿ ಸುರಿದು ಇಳಿಜಾರು ಹಿಡಿದು ಹೋಗುತ್ತದೆ. ಹಾಗಾಗಿ ಮೊದಲ ಮಳೆಗಾಲದಲ್ಲಿ ಮಾಡಬೇಕಾದ ಕೆಲಸ, ಕೊಡೆ ಹಿಡಿದು ಜಮೀನಿನಲ್ಲಿ ನಿಂತು ನೀರು ಎಲ್ಲಿಂದ ಬಂದು ಎಲ್ಲಿ ಹೊರಡುತ್ತದೆ ಎಂದು ನೋಡುವುದು. ದುಡ್ಡಿಲ್ಲದೆ ಕಲಿಯಬಹುದಾದ ಪಾಠವಿದು.

ಸಮಪಾತಳಿ ಗುರುತಿಸಲು ಎಂಜಿನಿಯರ್ ಬೇಕಿಲ್ಲ. ಆರೇಳು ಅಡಿಯ ಎರಡು ಗಳುಗಳನ್ನು ‘ಎ’ ಆಕಾರದಲ್ಲಿ ಕಟ್ಟಿ, ತುದಿಯಿಂದ ದಾರದಲ್ಲಿ ಕಲ್ಲು ತೂಗುಬಿಡಬೇಕು. ದಾರ ಅಡ್ಡಪಟ್ಟಿಯ ನಡುಗುರುತಿಗೆ ಬಂದಾಗ ಎರಡೂ ಕಾಲು ಒಂದೇ ಮಟ್ಟದಲ್ಲಿರುತ್ತವೆ. ಆ ಗುರುತುಗಳನ್ನು ಜೋಡಿಸಿ ಕಂದಕ ತೋಡಿ, ಮಣ್ಣನ್ನು ಕೆಳಬದಿಗೆ ಬದುವಾಗಿ ಏರಿಸಬೇಕು. ಹೆಚ್ಚಾದ ನೀರಿಗೆ ಕೋಡಿ ಬಿಡದಿದ್ದರೆ ದೊಡ್ಡ ಮಳೆಗೆ ಬದುವೇ ಕೊಚ್ಚಿಹೋದೀತು. ಕಬಿನಿ ನಾಲೆಯ ಕೆಳಗಿನ ಗದ್ದೆ ಕೊಂಡವರ ಸಮಸ್ಯೆ ಇದಕ್ಕೆ ತದ್ವಿರುದ್ಧ. ಅಲ್ಲಿ ನೀರು ಇಂಗಿಸುವುದಲ್ಲ, ಬಸಿದು ಹೊರಹಾಕುವುದೇ ಮೊದಲ ಕೆಲಸ.

ನಂತರದ ಸರದಿ ಮಣ್ಣಿನದು. ಸೆಣಬು, ಅಲಸಂದೆ, ಹುರುಳಿ ಚೆಲ್ಲಿ, ಹೂ ಬರುವ ಹೊತ್ತಿಗೆ ಕತ್ತರಿಸಿ ನೆಲಕ್ಕೇ ಹಾಸಬೇಕು. ಬದುವಿನ ಮೇಲೆ ಗ್ಲಿರಿಸಿಡಿಯಾ, ನುಗ್ಗೆ, ಅಗಸೆ ನೆಟ್ಟರೆ ಹೊದಿಕೆಗೆ ಸೊಪ್ಪು ಅಲ್ಲೇ ಸಿಗುತ್ತದೆ. ಸುಭಾಷ್ ಪಾಳೇಕರ್ ಜನಪ್ರಿಯಗೊಳಿಸಿದ ಜೀವಾಮೃತಕ್ಕೆ 200 ಲೀಟರ್ ನೀರಿಗೆ 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, ತಲಾ 2 ಕೆ.ಜಿ. ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಸೇರಿಸಿ 48 ಗಂಟೆ ನೆರಳಿನಲ್ಲಿಡುತ್ತಾರೆ. ಇದು ಒಂದು ಎಕರೆಗೆ ಸಾಕು. ಹೊದಿಕೆಯಿಲ್ಲದ ಬರಡು ನೆಲಕ್ಕೆ ಡ್ರಮ್‌ಗಟ್ಟಲೆ ಸುರಿಯುವುದು ಮಾತ್ರ ವ್ಯರ್ಥ ಶ್ರಮ. ಇದೇ ಪದ್ಧತಿಯಲ್ಲಿ ತೆಂಗು, ಬಾಳೆ, ಮೆಣಸುಗಳನ್ನು ಅಂತಸ್ತುಗಳಾಗಿ ಬೆಳೆದ ಬನ್ನೂರು ಕೃಷ್ಣಪ್ಪ ಅವರ ತೋಟ ತಿ. ನರಸೀಪುರ ತಾಲ್ಲೂಕಿಗೆ ಹೆಸರು ತಂದಿತು.

ಬಾಳೆಯ ವಿಷಯದಲ್ಲಿ ಎಚ್ಚರ ಅಗತ್ಯ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಂಜನಗೂಡು ರಸಬಾಳೆಯನ್ನು ತವರಿನಲ್ಲೇ ಅಪರೂಪವಾಗಿಸಿದ್ದು ಪನಾಮಾ ಸೊರಗು ರೋಗ. ಇದರ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ, ಕಂದಿನ ಜತೆ ಹೊಸ ಜಮೀನಿಗೂ ಬರುತ್ತದೆ. ಪಕ್ಕದ ತೋಟದವರು ಪ್ರೀತಿಯಿಂದ ಕೊಟ್ಟ ಕಂದನ್ನು ಹಾಗೆಯೇ ನೆಡುವ ಬದಲು ರೋಗಮುಕ್ತ ಅಂಗಾಂಶ ಕೃಷಿ ಸಸಿ ತರುವುದು ಕ್ಷೇಮ. ಹಿಂದೆ ಬಾಳೆ ಸೊರಗಿದ್ದ ಜಮೀನಾದರೆ ರಸಬಾಳೆಯ ಆಸೆ ಬಿಡುವುದೇ ಲೇಸು.

ಇಡೀ ಎಕರೆಗೆ ಒಮ್ಮೆಲೇ ಕೈಹಾಕದೆ ಮನೆ ಅಥವಾ ಪಂಪ್‌ಸೆಟ್ ಹತ್ತಿರದ ಐದು ಗುಂಟೆಯಲ್ಲಿ ಸೊಪ್ಪು, ತರಕಾರಿ, ಪಪ್ಪಾಯಿಯಿಂದ ಆರಂಭಿಸಬಹುದು. ಹಣ್ಣಿನ ಮರಗಳು ಆದಾಯ ಕೊಡಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಸಂಬಳದ ಕೆಲಸ ಬಿಡದಿರುವುದು ಒಳ್ಳೆಯದು. ಮಣ್ಣು ಪರೀಕ್ಷೆ ಹಾಗೂ ಸ್ಥಳೀಯ ತಳಿಗಳ ಬಗೆಗಿನ ಸಲಹೆಗೆ ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿರುವ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.