ಬ್ರೇಕ್ ಹೋದ ನರಗಳು

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಕೊಕ್ಕಡದ ಹತ್ತಿರ ಇರುವ ಗೆಳೆಯನ ಮನೆಗೆ ಹೋಗಿದ್ದೆವು. ಪಕ್ಕದ ಮನೆಯ ಜಗಲಿಯಲ್ಲಿ ಒಬ್ಬರು ಮಲಗಿದ್ದರು. ಪ್ರಾಯ ನಮಗಿಂತ ಜಾಸ್ತಿ, ಆದ್ರೆ ಅವರ ಅಮ್ಮನೇ ಗಂಜಿ ತಿನ್ನಿಸುತ್ತಿದ್ದರು. "ಎಂಡೋ" ಅಂತ ಗೆಳೆಯ ಒಂದೇ ಶಬ್ದ ಹೇಳಿದ. ಮಂಗಳೂರಲ್ಲೇ ಬೆಳೆದ ನಮಗೆ ಅದು ಪೇಪರಲ್ಲಿ ನೋಡಿದ ಶಬ್ದ ಅಷ್ಟೆ. ವಾಪಸ್ ಬರುವಾಗ ಬಸ್ಸಲ್ಲಿ ಇದೇ ಚರ್ಚೆ: ಗೇರು ಮರದ ಕೀಟಕ್ಕೆ ಹೊಡೆದ ಮದ್ದಿಗೂ ಮನುಷ್ಯನ ನರಕ್ಕೂ ಏನು ಸಂಬಂಧ?

ಮೊದಲು ನರಮಂಡಲ ಅಂದ್ರೆ ಏನು ಅಂತ ನೋಡುವ. ಮೆದುಳು ಮತ್ತು ಬೆನ್ನುಹುರಿ ಸೇರಿದರೆ ಕೇಂದ್ರ ನರಮಂಡಲ. ಅಲ್ಲಿಂದ ಕೈ, ಕಾಲು, ಹೃದಯ, ಹೊಟ್ಟೆಗೆಲ್ಲ ಹೋಗುವ ನರಗಳು ಹೊರ ನರಮಂಡಲ. ಮೆದುಳಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದೂ ಒಂದು ಸಣ್ಣ ಬ್ಯಾಟರಿ. ಸುಮ್ಮನೆ ಇರುವಾಗ ಕೋಶದ ಒಳಗಿನ ವೋಲ್ಟೇಜ್ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ. ಸೋಡಿಯಂ ಅಯಾನುಗಳು ಒಳಗೆ ನುಗ್ಗಿ ವೋಲ್ಟೇಜ್ ಒಂದು ಮಿತಿ ದಾಟಿದರೆ ಕೋಶ ಫೈರ್ ಆಗುತ್ತದೆ. ಹೆಚ್ಚಿನ ಕಡೆ ಒಂದು ರಾಸಾಯನಿಕ ಆ ಸಿಗ್ನಲನ್ನು ಮುಂದಿನ ಕೋಶಕ್ಕೆ ದಾಟಿಸುತ್ತದೆ.

ಆದ್ರೆ ಎಲ್ಲ ಕೋಶಗಳೂ ಸುಮ್ಮಸುಮ್ಮನೆ ಫೈರ್ ಆಗ್ತಾ ಇದ್ರೆ ಕತೆ ಮುಗೀತು. ಹಾಗಾಗಿ ಬ್ರೇಕ್ ಬೇಕು. ಆ ಕೆಲಸ ಮುಖ್ಯವಾಗಿ ಗಾಬಾ ಎಂಬ ರಾಸಾಯನಿಕದ್ದು. ಅದು ಕೋಶದ ಕ್ಲೋರೈಡ್ ಬಾಗಿಲು ತೆರೆಯುತ್ತದೆ, ನೆಗೆಟಿವ್ ಚಾರ್ಜ್ ಒಳಗೆ ಬರುತ್ತದೆ, ಕೋಶ ಶಾಂತವಾಗುತ್ತದೆ.

ಎಂಡೋಸಲ್ಫಾನ್ ಬಂದ್ ಮಾಡೋದು ಇದೇ ಬಾಗಿಲನ್ನು. ಬ್ರೇಕ್ ಇಲ್ಲದೆ ನರಗಳು ಒಂದೇ ಸಮನೆ ಫೈರ್ ಆಗಿ ಕೀಟ ನಡುಗಿ ಸಾಯುತ್ತದೆ. ತೊಂದರೆ ಏನಂದ್ರೆ, ಅಂಥದ್ದೇ ಬಾಗಿಲು ನಮ್ಮ ಮೆದುಳಲ್ಲೂ ಉಂಟು. ಈ ವಿಷ ಹೆಚ್ಚು ಮೈ ಸೇರಿದರೆ ಮನುಷ್ಯನಿಗೂ ಫಿಟ್ಸ್ ಬರುತ್ತದೆ. ಹೊಟ್ಟೆಯೊಳಗಿನ ಮಗುವಿಗೆ, ಸಣ್ಣ ಮಕ್ಕಳಿಗೆ ಇಂಥ ವಿಷಗಳ ಅಪಾಯ ಇನ್ನೂ ಜಾಸ್ತಿ. ಅವರ ಮೆದುಳಲ್ಲಿ ವೈರಿಂಗ್ ಕೆಲಸ ಇನ್ನೂ ನಡೀತಾ ಇರುತ್ತದೆ.

ಕಾಸರಗೋಡಿನ ಸರಕಾರಿ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ನಮ್ಮ ದಕ್ಷಿಣ ಕನ್ನಡದ ಗೇರು ತೋಟಗಳಲ್ಲೂ ಅದೇ ನಡೆಯಿತು. ಪಡ್ರೆ ಗ್ರಾಮದಲ್ಲಿ ಕಾಯಿಲೆಗಳು ವಿಪರೀತ ಅಂತ ಮೊದಲು ಗಮನಿಸಿದವರು ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್. ಪತ್ರಕರ್ತ ಶ್ರೀ ಪಡ್ರೆ ಅದನ್ನು ಬರೆದು ಹೊರಗಿನವರಿಗೆ ತಿಳಿಸಿದರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿನ ಶಾಲಾ ಮಕ್ಕಳ ರಕ್ತ ಪರೀಕ್ಷಿಸಿದಾಗ ಎಂಡೋಸಲ್ಫಾನ್ ಪತ್ತೆಯಾಯಿತು.

ಒಬ್ಬೊಬ್ಬರ ಕಾಯಿಲೆಗೂ ಇದೇ ಕಾರಣ ಅಂತ ಸಾಬೀತು ಮಾಡೋದು ಸುಲಭ ಅಲ್ಲ, ವಿಜ್ಞಾನಿಗಳಲ್ಲೂ ವಾದ ಉಂಟು. ಆದ್ರೆ ನರದ ಬ್ರೇಕ್ ಕೀಳುವ ವಿಷವನ್ನು ಜನ ಇರುವ ಊರಿನ ಮೇಲೆ, ಕುಡಿಯುವ ನೀರಿನ ಮೇಲೆ ಸುರಿದದ್ದರಲ್ಲಿ ವಾದ ಇಲ್ಲ.

2011ರ ಮೇ 13ರಂದು ಸುಪ್ರೀಂ ಕೋರ್ಟ್ ಇದನ್ನು ದೇಶದಲ್ಲೆಲ್ಲ ನಿಷೇಧಿಸಿತು. ಆದ್ರೆ ಚರ್ಮಕ್ಕೆ ಗಾಯ ಆದ್ರೆ ಮಾಯುವ ಹಾಗೆ ಮೆದುಳಿನ ನರಕೋಶ ಮತ್ತೆ ಬೆಳೆಯೋದಿಲ್ಲ. ಕೋರ್ಟಿನ ಆದೇಶ ಬಂದು ಇಷ್ಟು ವರ್ಷ ಆದ ಮೇಲೂ ಆ ಅಮ್ಮ ದಿನಾ ಗಂಜಿ ತಿನ್ನಿಸ್ತಾ ಇದ್ದಾರೆ. ನಾಳೆ ಇಂಜಿನಿಯರ್ ಆಗಿ ನಾವೂ ಏನೋ ಒಂದು ತಯಾರಿಸ್ತೇವೆ. ಕೆಲಸ ಮಾಡ್ತದಾ ಅಂತ ಕೇಳುವಾಗಲೇ, ಇನ್ಯಾರ ಮೇಲೆ ಕೆಲಸ ಮಾಡ್ತದೆ ಅಂತಲೂ ಕೇಳಬೇಕು.