ಕಂಪೈಲರಿನ ಜಾಣ್ಮೆಗೆ ಇರುವ ಮೇರೆ

ಮನುಷ್ಯನು ತನಗೆ ತಿಳಿಯುವ ಭಾಷೆಯಲ್ಲಿ ಬರೆದುದನ್ನು ಯಂತ್ರದ ಆಜ್ಞೆಗಳಾಗಿ ಪರಿವರ್ತಿಸುವ ಕಂಪೈಲರು, ನುರಿತ ಕೈ ಬರೆದ ಯಂತ್ರಭಾಷೆಯ ವೇಗವನ್ನು ಸರಿಗಟ್ಟಲಾರದೆಂಬ ಶಂಕೆ ಪ್ರಬಲವಾಗಿದ್ದ ಕಾಲದಲ್ಲಿ, ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು 1957ರಲ್ಲಿ ಫೋರ್ಟ್ರಾನ್ ಕಂಪೈಲರನ್ನು ಹೊರತಂದು ಆ ಶಂಕೆಯನ್ನು ಬಹುಮಟ್ಟಿಗೆ ನಿವಾರಿಸಿದರು. ಅದೇ ವರ್ಷ ಆ ಸಂಸ್ಥೆಯನ್ನು ಸೇರಿದ ಫ್ರಾನ್ಸಿಸ್ ಅಲೆನ್, ಅರ್ಥ ಕೆಡದಂತೆ ಪ್ರೋಗ್ರಾಮಿನ ನಡೆಯನ್ನು ಚುರುಕುಗೊಳಿಸುವ ಈ ಆಪ್ಟಿಮೈಸೇಶನ್ ವಿದ್ಯೆಗೆ ಶಾಸ್ತ್ರದ ತಳಹದಿಯನ್ನೊದಗಿಸಿ, 2006ರ ಟ್ಯೂರಿಂಗ್ ಪ್ರಶಸ್ತಿಗೆ ಪಾತ್ರರಾದರು. ಆ ಗೌರವವನ್ನು ಪಡೆದ ಪ್ರಥಮ ಮಹಿಳೆ ಅವರು.

ಇಂದು ತಂತ್ರಾಂಶವೊಂದನ್ನು ಸೋರ್ಸ್ ಕೋಡಿನಿಂದ ತಾನೇ ಕಟ್ಟಿಕೊಳ್ಳಹೊರಟವನು ಜಿಸಿಸಿ ಕಂಪೈಲರಿಗೆ ‘ಓ2’ ಎಂಬ ಸೂಚನೆಯನ್ನಿತ್ತನೆಂದರೆ, ಲೂಪು ಸುತ್ತಿದಾಗಲೆಲ್ಲ ಒಂದೇ ಉತ್ತರ ಕೊಡುವ ಲೆಕ್ಕವನ್ನು ಅದು ಲೂಪಿನಿಂದ ಹೊರಕ್ಕೆ ತಂದು ಒಮ್ಮೆ ಮಾತ್ರ ಮಾಡಿಸುತ್ತದೆ; ಎಲ್ಲಿಯೂ ಬಳಕೆಯಾಗದ ಲೆಕ್ಕವನ್ನು ಅಳಿಸುತ್ತದೆ; ಚಿಕ್ಕ ಫಂಕ್ಷನ್ನುಗಳನ್ನು ಕರೆದ ಸ್ಥಳದಲ್ಲಿಯೇ ಬಿಚ್ಚಿ ಬರೆಯುತ್ತದೆ. ‘ಓ3’ ಇದಕ್ಕಿಂತಲೂ ಮುಂದೆ ಹೋಗುವುದಾದರೂ, ಪ್ರೋಗ್ರಾಮು ಉಬ್ಬಿ, ಪ್ರೊಸೆಸರಿನ ಕ್ಯಾಶ್ ಮೆಮೊರಿಯಲ್ಲಿ ಹಿಡಿಸದೆ, ವೇಗ ಕುಂದುವುದೂ ಉಂಟು. ‘ಮಾರ್ಚ್=ನೇಟಿವ್’ ಎಂದು ಕಟ್ಟಿದ ಪ್ರೋಗ್ರಾಮು, ಅದನ್ನು ಕಟ್ಟಿದ ಕಂಪ್ಯೂಟರಿನ ಪ್ರೊಸೆಸರಿನ ವಿಶೇಷ ಆಜ್ಞೆಗಳನ್ನೆಲ್ಲ ಬಳಸಿಕೊಳ್ಳುವುದರಿಂದ, ಹಳೆಯ ಕಂಪ್ಯೂಟರಿನಲ್ಲಿ ಓಡದೆ ನಿಂತುಬಿಡಬಹುದು.

ಬರೆದವನು ಭಾಷೆಯ ನಿಯಮಗಳನ್ನು ಮೀರಿಲ್ಲವೆಂಬ ನಂಬಿಕೆಯೇ ಈ ಜಾಣ್ಮೆಗೆಲ್ಲ ಆಧಾರ. 2009ರಲ್ಲಿ ಲಿನಕ್ಸ್ ಕರ್ನೆಲಿನ ‘ಟನ್’ ಎಂಬ ಡ್ರೈವರಿನಲ್ಲಿ ಬೆಳಕಿಗೆ ಬಂದ ದೋಷವನ್ನು ನೋಡಿ. ಅಲ್ಲಿ ಒಂದು ಪಾಯಿಂಟರಿನ, ಎಂದರೆ ಮೆಮೊರಿಯ ವಿಳಾಸವನ್ನು ಹಿಡಿದಿಡುವ ಚರದ, ಮೂಲಕ ಮೊದಲು ಮೆಮೊರಿಯನ್ನು ಓದಿ, ಆ ಪಾಯಿಂಟರು ಶೂನ್ಯವೇ ಎಂಬುದನ್ನು ಅನಂತರ ಪರೀಕ್ಷಿಸಲಾಗಿತ್ತು. ಸಿ ಭಾಷೆಯಲ್ಲಿ ಶೂನ್ಯ ಪಾಯಿಂಟರಿನ ಮೂಲಕ ಓದುವುದು ನಿಯಮಬಾಹಿರವಾದುದರಿಂದ, ಓದಿಯಾಗಿರುವ ಪಾಯಿಂಟರು ಶೂನ್ಯವಾಗಿರಲಾರದೆಂದು ಊಹಿಸಿ, ಮನೆಯೊಳಗೆ ಬಂದು ಕುಳಿತವನನ್ನು ಬಾಗಿಲಲ್ಲಿ ತಡೆದು ವಿಚಾರಿಸುವುದೇಕೆ ಎಂಬಂತೆ, ಜಿಸಿಸಿ ಆ ಪರೀಕ್ಷೆಯನ್ನೇ ತೆಗೆದುಹಾಕಿತು. ದಾಳಿಕೋರನಿಗೆ ಇಡೀ ವ್ಯವಸ್ಥೆಯನ್ನು ವಶಪಡಿಸಿಕೊಳ್ಳುವ ದಾರಿ ತೆರೆಯಿತು. ದೋಷದ ಮೂಲ ಆ ಸಾಲುಗಳನ್ನು ಹಿಂದುಮುಂದಾಗಿ ಬರೆದುದರಲ್ಲಿಯೇ ಇದ್ದಿತೆಂದು ನಾನು ಬಲ್ಲೆನಾದರೂ, ಅಂತಹ ಪರೀಕ್ಷೆಗಳನ್ನು ಅಳಿಸಕೂಡದೆಂಬ ಸೂಚನೆಯನ್ನು ಕರ್ನೆಲ್ ಕಟ್ಟುವ ಕ್ರಮದಲ್ಲಿ ಅನಂತರ ಸೇರಿಸಿದುದು ವಿವೇಕದ ಕೆಲಸವೆಂದೇ ಭಾವಿಸುತ್ತೇನೆ.

ವೇಗದ ಆಸೆಯಿಂದ ‘ಫಾಸ್ಟ್-ಮ್ಯಾತ್’ ಎಂಬ ಸೂಚನೆಯನ್ನು ಸೇರಿಸುವವರಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸಂಖ್ಯೆಗಳನ್ನು ಕೂಡುವ ಕ್ರಮವನ್ನೇ ಬದಲಿಸಲು ಅದು ಅನುಮತಿ ನೀಡುತ್ತದೆ. ಕಂಪ್ಯೂಟರಿನ ಬೈನರಿ ಲೆಕ್ಕದಲ್ಲಾದರೋ 0.1, 0.2, 0.3 ಇವುಗಳನ್ನು ಎಡದಿಂದ ಕೂಡುತ್ತ ಬಂದರೆ 0.6000000000000001 ಎಂದೂ, ಬಲದಿಂದ ಕೂಡಿದರೆ 0.6 ಎಂದೂ ಉತ್ತರ ಬರುತ್ತದೆ. ಲಿನಕ್ಸ್ ವಿತರಣೆಯಾದ ಡೆಬಿಯನ್ ತನ್ನ ಪ್ಯಾಕೇಜುಗಳನ್ನು ಸಾಮಾನ್ಯವಾಗಿ ‘ಓ2’ರಲ್ಲಿಯೇ ಕಟ್ಟುತ್ತದೆ. ಓದುಗರೂ ಅಲ್ಲಿಂದಲೇ ಆರಂಭಿಸಿ, ತಂತ್ರಾಂಶದೊಡನೆ ಬಂದ ಪರೀಕ್ಷೆಗಳನ್ನು ‘ಮೇಕ್ ಚೆಕ್’ ಆಜ್ಞೆಯಿಂದ ನಡೆಸಿ, ತಮ್ಮ ನಿತ್ಯದ ಕೆಲಸಕ್ಕೆ ಹಿಡಿಯುವ ಕಾಲವನ್ನು ಅಳೆದು, ಲಾಭ ಕಂಡಲ್ಲಿ ಮಾತ್ರ ‘ಓ3’ಕ್ಕೆ ಏರುವುದು ಲೇಸು.