ಗೋಡೆಯೊಳಗಣ ಕಳ್ಳನೀರು

ಟಿ.ಬಿ. ಡ್ಯಾಂ ಊರಿನಲ್ಲಿ ನೀರಿನ ಮಾತೆಂದರೆ ದೊಡ್ಡ ಮಾತು. ಇಲ್ಲಿ ಚಹದಂಗಡಿಯ ಹರಟೆಯೂ ಟಿ.ಎಂ.ಸಿ., ಕ್ಯೂಸೆಕ್ಕುಗಳ ಲೆಕ್ಕದಲ್ಲಿಯೇ ನಡೆಯುವುದು. ಇಂತಹ ಊರಿನಲ್ಲಿ ಒಂದು ಮನೆಯ ಗೋಡೆ ಒದ್ದೆಯಾದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ನಾವೂ ಕೆಡಿಸಿಕೊಳ್ಳಲಿಲ್ಲ, ಅದು ನೆರೆಮನೆಯವರೊಡನೆ ಮಾತು ಬಿಡುವವರೆಗೂ ಬಂದಾಗ ಮಾತ್ರ ಎಚ್ಚೆತ್ತೆವು.

ನಮ್ಮದು ಎರಡು ಮನೆಗಳಿಗೆ ಒಂದೇ ನಡುಗೋಡೆಯಿರುವ ಹಳೆಯ ಕಟ್ಟಡ. ಮಳೆಯ ಸುಳಿವೇ ಇಲ್ಲದ ಬೇಸಗೆಯಲ್ಲಿ ಆ ಗೋಡೆಯ ಮೇಲೆ, ಮೊಣಕಾಲೆತ್ತರಕ್ಕೆ, ಭೂಪಟದಂತಹ ಒಂದು ತೇವದ ಕಲೆ ಮೂಡಿತು. ಬಿಳಿಯ ಉಪ್ಪು ಹೂವಿನಂತೆ ಅರಳಿ ಗಾರೆ ಉದುರತೊಡಗಿತು. ಗೋಡೆಯ ಆಚೆಗಿರುವುದು ನೆರೆಮನೆಯವರ ಬಚ್ಚಲು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ನಾವು ಕೇಳಿದೆವು, ಅವರು ನೊಂದುಕೊಂಡರು. ಹೆಪ್ಪಿಗೆ ಮೊಸರು ಕೊಟ್ಟು ತರುವುದೂ ನಿಂತಿತು. ಗಾರೆಯವನು ಎರಡು ಸಲ ಸಿಮೆಂಟು ಬಳಿದು ಹೋದನು; ತೇವವು ಎರಡು ಮೊಳ ಸರಿದು ಮತ್ತೆ ಕಾಣಿಸಿಕೊಂಡಿತು.

ಕಡೆಗೆ ಬಂದವರು ನಲ್ಲಿ ಕೆಲಸದ ಒಬ್ಬ ವೃದ್ಧರು. ಅವರು ಗೋಡೆಯನ್ನು ಮುಟ್ಟಲೂ ಇಲ್ಲ. “ಗೋಡಿ ಬಿಡ್ರಿ ಸಾರ್, ಒಂದು ಪೆನ್ಸಿಲ್ ಕೊಡ್ರಿ” ಎಂದು ಮಹಡಿ ಹತ್ತಿದರು.

ನೀರು ಕಾಣಿಸುವ ಜಾಗವೇ ನೀರು ಸೋರುವ ಜಾಗವೆಂದು ತಿಳಿಯುವುದು ನಮ್ಮೆಲ್ಲರ ಭ್ರಮೆ. ಹಂಪಿಯ ಅರಮನೆಯ ಆವರಣದಲ್ಲಿ ಕಂಬಗಳ ಮೇಲೆ ಸಾಗುವ ಕಲ್ಲುದೋಣಿಗಳನ್ನು ಓದುಗರು ನೋಡಿರಬಹುದು. ಅಲ್ಲಿ ಸೋರಿದರೆ ದಾರಿಹೋಕನಿಗೂ ಕಾಣುತ್ತಿತ್ತು. ನಾವಾದರೋ ಕೊಳವೆಯನ್ನು ನೆಲದಲ್ಲಿ ಹುಗಿದು, ಗೋಡೆಯಲ್ಲಿ ಅಡಗಿಸಿ, ಮೇಲೆ ಬಣ್ಣ ಬಳಿದವರು. ಒಡೆದ ಕೊಳವೆಯ ನೀರು ನೆಲಗಲ್ಲಿನ ಕೆಳಗೆ ಇಳಿಜಾರು ಹಿಡಿದು ಹರಿದು ಗೋಡೆಯ ಬುಡವನ್ನು ಸೇರುತ್ತದೆ. ಅಲ್ಲಿಂದ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಇಟ್ಟಿಗೆಯ ರಂಧ್ರಗಳಲ್ಲಿ ಮೇಲೇರುತ್ತದೆ.

ಆದುದರಿಂದ ಮೊದಲು ಗಮನಿಸತಕ್ಕದ್ದು ಕಾಲವನ್ನು. ಮಳೆ ಬಂದಾಗ ಹೆಚ್ಚುವ ತೇವ ಮಾಡಿನದು. ಸ್ನಾನವಾದ ಮೇಲೆ ಹೆಚ್ಚುವುದು ಬಚ್ಚಲ ಕೊಳವೆಯದು. ಹಗಲಿರುಳೂ ಒಂದೇ ಸಮನಾಗಿರುವುದು ಬಹುಮಟ್ಟಿಗೆ ನೀರು ತರುವ ಕೊಳವೆಯದು.

ಎರಡನೆಯದು ಅಳತೆ. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ತೊಟ್ಟಿಗೆ ನೀರು ಬರುವುದನ್ನೂ ನಿಲ್ಲಿಸಿ, ಮೇಲಣ ತೊಟ್ಟಿಯ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿದೆವು. ನಮ್ಮ ತೊಟ್ಟಿಯ ತಳ 1 ಮೀಟರ್ ಉದ್ದ, 1 ಮೀಟರ್ ಅಗಲ. ಅಂದಮೇಲೆ ಮಟ್ಟವು 1 ಸೆಂಟಿಮೀಟರ್ ಇಳಿದರೆ 10 ಲೀಟರ್ ಹೋಯಿತೆಂದರ್ಥ. 8 ಗಂಟೆಗಳಲ್ಲಿ 8 ಸೆಂಟಿಮೀಟರ್ ಇಳಿದಿತ್ತು. ಎಂದರೆ ದಿನಕ್ಕೆ 240 ಲೀಟರ್! ನಗರದ ನೀರು ಸರಬರಾಜಿನ ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಿಡಿಯುವುದುಂಟು. ಹೆಚ್ಚುಕಡಿಮೆ ಇಬ್ಬರ ಪಾಲನ್ನು ನಮ್ಮ ನೆಲವೇ ಕುಡಿಯುತ್ತಿತ್ತು.

ಮರುರಾತ್ರಿ ತೊಟ್ಟಿಯ ಬಾಯಲ್ಲಿರುವ ವಾಲ್ವನ್ನು ಮುಚ್ಚಿದಾಗ ಮಟ್ಟ ಇಳಿಯಲಿಲ್ಲ, ತೊಟ್ಟಿ ನಿರಪರಾಧಿ. ಅನಂತರ ಅಡುಗೆಮನೆ, ಶೌಚ, ಬಚ್ಚಲು ಎಂದು ಒಂದೊಂದೇ ಕವಲನ್ನು ಮುಚ್ಚಿ ನೋಡಿದೆವು. ಶೌಚದ ತೊಟ್ಟಿಯಲ್ಲಿ ಬಟ್ಟೆಗೆ ಹಾಕುವ ನೀಲಿಯನ್ನು ಕದಡಿ ಬಿಟ್ಟೆವು. ಕೆಳಗೆ ನೀಲಿ ಇಳಿಯದ್ದರಿಂದ ಅದೂ ನಿರ್ದೋಷಿಯೇ. ಬಚ್ಚಲಿನ ಕವಲನ್ನು ಮುಚ್ಚಿದ ರಾತ್ರಿ ಗೆರೆ ಗೆರೆಯಲ್ಲಿಯೇ ನಿಂತಿತು. ಕಳ್ಳನಿದ್ದುದು ನಮ್ಮದೇ ಬಚ್ಚಲಿನಲ್ಲಿ!

ಆ ಕವಲನ್ನು ಮತ್ತೆ ತೆರೆದು, ಊರು ಮಲಗಿದ ಮೇಲೆ ವೃದ್ಧರು ಒಂದು ಕಬ್ಬಿಣದ ಸಲಾಕೆಯ ತುದಿಯನ್ನು ಕೊಳವೆಗೆ ಒತ್ತಿ ಇನ್ನೊಂದು ತುದಿಗೆ ಕಿವಿಗೊಟ್ಟರು. ಸಣ್ಣ ರಂಧ್ರದಿಂದ ನುಗ್ಗುವ ನೀರಿನ ಸುಯ್ಯೆಂಬ ಸದ್ದು ಲೋಹದಲ್ಲಿ ದೂರ ಸಾಗುತ್ತದೆ. ಸದ್ದು ಹೆಚ್ಚಿದೆಡೆಯಲ್ಲಿ ಒಂದು ಕಲ್ಲನ್ನು ಮಾತ್ರ ಎಬ್ಬಿಸಿದರು. ಕಲೆಯಿಂದ 12 ಅಡಿ ದೂರದಲ್ಲಿ ಮೊಣಕೈ ಕೂಡುಕೊಳವೆ ತುಕ್ಕು ತಿಂದು ತೂತಾಗಿತ್ತು. ಕೊಳವೆಗೆ ಮರೆ ಕೊರೆಯುವಾಗ ಅಲ್ಲಿನ ಸತುವಿನ ಲೇಪ ಹೋಗುವುದರಿಂದ ತುಕ್ಕು ಅಲ್ಲಿಯೇ ಮೊದಲು ಹಿಡಿಯುವುದು ವಾಡಿಕೆ. ಆ ತುಂಡನ್ನು ಬದಲಿಸಿದರು. ಆದರೆ ನೆಲವನ್ನು ಮುಚ್ಚಲು ಬಿಡಲಿಲ್ಲ: “ಇನ್ನೊಂದು ರಾತ್ರಿ ಗೆರಿ ಎಳೀರಿ ಸಾರ್, ಆಮೇಲೆ ಕಲ್ಲು ಕೂಡಿಸೋಣು.” ಗೋಡೆ ಪೂರ್ತಿ ಒಣಗಲು ತಿಂಗಳುಗಳೇ ಬೇಕಾದುವು, ಅದಕ್ಕೆ ಮೊದಲು ಗಾರೆ ಬಳಿದಿದ್ದರೆ ಮತ್ತೆ ಉದುರುತ್ತಿತ್ತು.

ಎರಡು ಎಚ್ಚರಿಕೆಯ ಮಾತು. ತೇವದ ಗೋಡೆಯಲ್ಲಿ ವಿದ್ಯುತ್ ಸ್ವಿಚ್ಚಿದ್ದರೆ ಮೊದಲು ಮೇನ್ ಆರಿಸಿ, ಅನಂತರ ಮುಟ್ಟಬೇಕು. ಬೀದಿಯಿಂದ ಮನೆಗೆ ಬರುವ ಕೊಳವೆಯ ಸೋರಿಕೆ ಈ ಗೆರೆಗೆ ಸಿಕ್ಕದು. ನೀರು ಬಿಟ್ಟಾಗ ಒಳಗಿನ ಎಲ್ಲವನ್ನೂ ಮುಚ್ಚಿದರೂ ಮೀಟರ್ ತಿರುಗುತ್ತಿದ್ದರೆ, ಮೀಟರಿನಿಂದೀಚೆಗೆ ತೂತಿದೆಯೆಂದು ತಿಳಿಯಬೇಕು. ಇದನ್ನು ಉಪೇಕ್ಷಿಸಲಾಗದು: ನೀರು ನಿಂತು ಒತ್ತಡ ಇಳಿದಾಗ ಅದೇ ತೂತಿನ ಮೂಲಕ ಸುತ್ತಲಿನ ಕೊಳಚೆಯೂ ಒಳಸೇರಬಲ್ಲುದು. ಕುಡಿಯುವವರು ಮಕ್ಕಳು.

2024ನೆಯ ಆಗಸ್ಟ್ 10ರ ರಾತ್ರಿ ನಮ್ಮ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟು, ಸರಪಣಿ ತುಂಡಾಗಿ, ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು 33 ಗೇಟುಗಳನ್ನೂ ತೆರೆದು, ತುಂಬಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟಿನ ಭಾಗಗಳನ್ನು ಇಳಿಸಿ ಮುಚ್ಚುವ ಹೊತ್ತಿಗೆ ಒಂದು ವಾರ ಕಳೆದಿತ್ತು. ಅಂತಹ ಕಟ್ಟಡವೂ ಸೋತದ್ದು ಒಂದು ಕೊಂಡಿಯಲ್ಲಿ. ನಮ್ಮ ಮನೆ ಸೋತದ್ದು ಒಂದು ಮೊಣಕೈಯಲ್ಲಿ. ದೊಡ್ಡದಿರಲಿ ಚಿಕ್ಕದಿರಲಿ, ಕಣ್ಣಿಗೆ ಬೀಳದ ಸವೆತವನ್ನು ಆಗಾಗ ಅಳೆದು ನೋಡದೆ ಗತಿಯಿಲ್ಲ.

ನೆರೆಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು. ಆ ಮನೆಯ ಅಜ್ಜಿ ನಕ್ಕು, “ಅಷ್ಟಕ್ಕ ಯಾಕಪ್ಪಾ ಮಾರಿ ಸಣ್ಣ ಮಾಡ್ಕೊಂತೀ” ಎಂದು ಹೆಪ್ಪಿನ ಬಟ್ಟಲನ್ನು ಕೈಗಿತ್ತರು. ಗೋಡೆಯನ್ನು ಒಡೆಯುವ ಮೊದಲು, ಅದಕ್ಕಿಂತಲೂ ನೆರೆಹೊರೆಯ ಮನಸ್ಸನ್ನು ಒಡೆಯುವ ಮೊದಲು, ತೊಟ್ಟಿಯಲ್ಲಿ ಒಂದು ಗೆರೆ ಎಳೆದು ನೋಡುವುದು ಲೇಸು.